ಮೀನ್ (ಸರಾಸರಿ) 8, ಮೀಡಿಯನ್ (ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರೋ ಸಂಖ್ಯೆ) 3 ಬಂದ್ರೆ ಯಾವುದನ್ನ ಬರೀಬೇಕು?

ಪ್ರಶ್ನೆ: ಸ್ಟ್ಯಾಟ್ಸ್ ಟೆಸ್ಟಲ್ಲಿ 2, 3, 3, 4, 28 ಅಂತ ಡೇಟಾ ಕೊಟ್ಟು ಇದನ್ನ ಸರಿಯಾಗಿ ಪ್ರತಿನಿಧಿಸೋ ಸಂಖ್ಯೆ ಯಾವುದು, ಕಾರಣ ಕೊಡಿ ಅಂತ ಕೇಳಿದ್ದಾರೆ, ಲೆಕ್ಕ ಏನೋ ಬಂತು ಆದ್ರೆ ಮೀನ್ ಬರೀಬೇಕಾ ಮೀಡಿಯನ್ನಾ ಗೊತ್ತಾಗ್ತಿಲ್ಲ, ಯಾರಾದ್ರೂ ಹೇಳ್ರಪ್ಪಾ.

ಉತ್ತರ 1: ಮೀಡಿಯನ್ನೇ. ಐದರಲ್ಲಿ ನಾಲ್ಕು ಸಂಖ್ಯೆ 8ಕ್ಕಿಂತ ಕಮ್ಮಿ ಇವೆ, ಆ 28 ಒಂದೇ ಸರಾಸರೀನ ಮೇಲಕ್ಕೆ ಎಳೆದಿದೆ, ಇದನ್ನೇ ಕಾರಣ ಅಂತ ಬರೀರಿ.

ಉತ್ತರ 2: ಹೌದು, ಆದ್ರೆ ಔಟ್‌ಲಯರ್ (ಉಳಿದವುಗಳಿಂದ ತುಂಬಾ ದೂರ ಇರೋ ಸಂಖ್ಯೆ) ಅಂತ 28ನ್ನ ಸುಮ್ನೆ ಕಿತ್ತು ಹಾಕ್ಬೇಡಿ, ಅದು ನಿಜವಾದ ಅಳತೆನೂ ಇರಬಹುದು. 2.8 ಬರೆಯೋವಾಗ ಪಾಯಿಂಟ್ ಬಿಟ್ಟುಹೋಗಿದ್ರೆ ಸರಿ ಮಾಡಿದ್ಮೇಲೆ ಮೀನ್ 2.96ಕ್ಕೆ ಇಳಿಯುತ್ತೆ, ಮೀಡಿಯನ್ ಮಾತ್ರ 3ರಲ್ಲೇ ಇರುತ್ತೆ ನೋಡಿ.

ಉತ್ತರ 3: ಒಟ್ಟು ಮೊತ್ತ ಕೇಳಿದ್ರೆ ಮೀನೇ ಬೇಕು, 8 ಇಂಟು 5, 40. ಮೀಡಿಯನ್ನಿಂದ ಅದು ಸಿಗಲ್ಲ.