ಟೇಬಲ್‌ಗಳ ಮೇಲಿನ ಚೆಕ್ ಕನ್‌ಸ್ಟ್ರೈಂಟ್‌ಗಳನ್ನು ನೋಡುವ ಬಗೆ: ಅನುಭವವಿದ್ದವರು ತಿಳಿಸಿ

ಪ್ರಶ್ನೆ: ಬೇರೆಯವರು ಕಟ್ಟಿದ, ದಾಖಲೆಗಳಿಲ್ಲದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದು ನನ್ನ ಪಾಲಿಗೆ ಬಂದಿದೆ. ಅದರ ಚೆಕ್ ಕನ್‌ಸ್ಟ್ರೈಂಟ್‌ಗಳನ್ನೆಲ್ಲ, ಅಂದರೆ ಸಾಲುಗಳಲ್ಲಿ ಎಂಥ ಮೌಲ್ಯ ಇರಬಹುದೆಂಬ ನಿಯಮಗಳನ್ನೆಲ್ಲ, ಒಟ್ಟಿಗೆ ನೋಡುವುದು ಹೇಗೆಂದು ತಿಳಿಸಬೇಕಾಗಿ ಕೋರುತ್ತೇನೆ.

ಒರಾಕಲ್‌ನವನು: ನಾನು ಪಟ್ಟ ಪಾಡು ಒರಾಕಲ್ ಡೇಟಾಬೇಸ್‌ನದು. ನಿಯಮಗಳ ಪಟ್ಟಿ ಕೊಡುವ ಯೂಸರ್_ಕನ್‌ಸ್ಟ್ರೈಂಟ್ಸ್ ವ್ಯೂನಲ್ಲಿ ‘ಸಿ’ (ಚೆಕ್) ಬಗೆಯವನ್ನು ಕೇಳಿದರೆ ಕಾಲಂ ಖಾಲಿ ಇರಬಾರದೆಂಬ ನಾಟ್ ನಲ್ ನಿಯಮಗಳೂ ಅದರೊಳಗೇ ಬೆರೆತು ಬರುತ್ತವೆ. ಅವನ್ನು ಸೋಸೋಣವೆಂದರೆ ನಿಯಮದ ಪಠ್ಯವಿರುವ ಸರ್ಚ್_ಕಂಡಿಷನ್ ಕಾಲಂ ಲಾಂಗ್ ಎಂಬ ಹಳೆಯ ಪಠ್ಯ ಬಗೆಯದಾದ್ದರಿಂದ ಅದರ ಮೇಲೆ ಪಠ್ಯ ಹುಡುಕುವ ಲೈಕ್ ನಡೆಯುವುದಿಲ್ಲ. ಇಡೀ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಇಳಿಸಿ ಒಂದೊಂದನ್ನೂ ಓದಿ ಬೇರ್ಪಡಿಸಿದೆವು. ಲೈಕ್ ಒಪ್ಪುವ ಸರ್ಚ್_ಕಂಡಿಷನ್_ವಿಸಿ ಕಾಲಂ ಬಂದದ್ದು ಆ ಕೆಲಸವೆಲ್ಲ ಮುಗಿದ ಮೇಲಿನ ಆವೃತ್ತಿಯಲ್ಲಿ.

ಮೈಎಸ್‌ಕ್ಯೂಎಲ್ ಬಳಕೆದಾರ: ತಮಗೆ ಓದಲು ಪಟ್ಟಿಯಾದರೂ ಇತ್ತು. 8.0.16ಕ್ಕಿಂತ ಹಿಂದಿನ ಮೈಎಸ್‌ಕ್ಯೂಎಲ್ ಚೆಕ್ ವಾಕ್ಯವನ್ನು ತಕರಾರಿಲ್ಲದೆ ಒಪ್ಪಿಕೊಂಡು, ಎಲ್ಲಿಯೂ ದಾಖಲಿಸದೆ ಕೈಬಿಡುತ್ತಿತ್ತು. ಬೆಲೆ ಸೊನ್ನೆಗಿಂತ ಹೆಚ್ಚಿರಬೇಕೆಂಬ ನಿಯಮ ಸ್ಕ್ರಿಪ್ಟ್‌ನಲ್ಲಿತ್ತು, ಡೇಟಾಬೇಸ್‌ನಲ್ಲಿರಲಿಲ್ಲ. ಆವೃತ್ತಿ ಏರಿಸಿ ಅದನ್ನು ಮತ್ತೆ ಸೇರಿಸಹೊರಟರೆ ಋಣ ಬೆಲೆಯ ಹಳೆಯ ಸಾಲುಗಳು ಅಡ್ಡಬಂದವು; ಅವನ್ನು ತಿದ್ದಲು ಲೆಕ್ಕಪತ್ರ ವಿಭಾಗದವರು ಹಳೆಯ ಬಿಲ್ಲುಗಳನ್ನು ಹುಡುಕಿ ತೆಗೆಯಬೇಕಾಯಿತು, ಅವರ ಮಾತುಗಳನ್ನು ಕೇಳಿಸಿಕೊಂಡವನು ನಾನು. ಇಂದಿಗೂ ಮೈಎಸ್‌ಕ್ಯೂಎಲ್‌ನ ಚೆಕ್_ಕನ್‌ಸ್ಟ್ರೈಂಟ್ಸ್ ಪಟ್ಟಿಯಲ್ಲಿ ಟೇಬಲ್ ಹೆಸರಿಲ್ಲ, ಟೇಬಲ್_ಕನ್‌ಸ್ಟ್ರೈಂಟ್ಸ್ ಪಟ್ಟಿಯ ಜೊತೆ ಜಾಯಿನ್ ಮಾಡಬೇಕು (ಕೂಡಿಸಿ ಓದಬೇಕು). ಹೀಗಾಗಿ ನಿಯಮಗಳನ್ನೆಲ್ಲ ಅಪ್ಲಿಕೇಶನ್ ಕೋಡ್‌ನಲ್ಲಿಟ್ಟಿದ್ದೇವೆ, ಅದೇ ಸರಿ.

ಒರಾಕಲ್‌ನವನು: ಯಾರಾದರೂ ಅಪ್ಲಿಕೇಶನ್ ಬಿಟ್ಟು ಡೇಟಾಬೇಸ್ ಕನ್ಸೋಲ್‌ನಿಂದ ನೇರವಾಗಿ ಅಪ್‌ಡೇಟ್ ಓಡಿಸಿದಾಗ ತಮ್ಮ ಕೋಡ್ ಏನು ಮಾಡುತ್ತದೆ?

ಮೈಎಸ್‌ಕ್ಯೂಎಲ್ ಬಳಕೆದಾರ: ಪ್ರೊಡಕ್ಷನ್‌ನಲ್ಲಿ (ನಿಜ ಬಳಕೆಯ ಡೇಟಾಬೇಸ್‌ನಲ್ಲಿ) ಕಂಡವರಿಗೆಲ್ಲ ಕನ್ಸೋಲ್ ಕೊಡುವುದು ತಮ್ಮಲ್ಲಿನ ಪದ್ಧತಿಯಿರಬಹುದು.

ಪೋಸ್ಟ್‌ಗ್ರೆಸ್ ಪಕ್ಷಪಾತಿ: ಕೇಳಿದ್ದು ಪೋಸ್ಟ್‌ಗ್ರೆಸ್ ಬಗ್ಗೆ. ಡೇಟಾಬೇಸ್‌ನ ರಚನೆ ತೋರಿಸುವ ಪ್ರಮಾಣಿತ ವ್ಯೂಗಳಾದ ಇನ್ಫರ್ಮೇಶನ್ ಸ್ಕೀಮಾವನ್ನು ನೆಚ್ಚಿ ‘ನಿಯಮಗಳೇ ಇಲ್ಲ’ ಎಂದು ವರದಿ ಕೊಟ್ಟವರು ನಮ್ಮ ತಂಡದಲ್ಲಿಯೇ ಇದ್ದರು. ಅದರ ಚೆಕ್_ಕನ್‌ಸ್ಟ್ರೈಂಟ್ಸ್ ನಿಮ್ಮ ರೋಲ್‌ಗೆ (ಡೇಟಾಬೇಸ್ ಖಾತೆಗೆ) ಒಡೆತನವಿರುವವನ್ನಷ್ಟೇ ತೋರಿಸುತ್ತದೆ. ನಾನು ಪಿಜಿ_ಕನ್‌ಸ್ಟ್ರೈಂಟ್ ಎಂಬ ಒಳ ಟೇಬಲ್‌ನಲ್ಲಿ ಕಾನ್‌ಟೈಪ್ ಕಾಲಂ ‘ಸಿ’ ಇರುವವನ್ನು ಆರಿಸಿ, ನಿಯಮದ ಪಠ್ಯಕ್ಕೆ ಪಿಜಿ_ಗೆಟ್_ಕನ್‌ಸ್ಟ್ರೈಂಟ್‌ಡೆಫ್ ಫಂಕ್ಷನ್ ಬಳಸುತ್ತೇನೆ. ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಪಠ್ಯಕ್ಕೆ ಬಳಸುತ್ತಿದ್ದ ಕಾನ್‌ಎಸ್‌ಆರ್‌ಸಿ ಕಾಲಂ 12ನೇ ಆವೃತ್ತಿಯಲ್ಲಿ ಹೋಯಿತು. ಕಾನ್‌ವ್ಯಾಲಿಡೇಟೆಡ್ ಕಾಲಂ ಸುಳ್ಳೆಂದಿದ್ದರೆ ಹಳೆಯ ಸಾಲುಗಳನ್ನು ಪರೀಕ್ಷಿಸಿಲ್ಲವೆಂದೇ ತಿಳಿಯಬೇಕು.

ಒರಾಕಲ್‌ನವನು: ಹಳೆಯ ಸಾಲುಗಳನ್ನು ಪರೀಕ್ಷಿಸದೆ ನಿಯಮ ಸೇರಿಸುವ ಆ ಸೌಲಭ್ಯ ಒರಾಕಲ್‌ನಲ್ಲಿಯೂ ನೋವ್ಯಾಲಿಡೇಟ್ ಹೆಸರಿನಲ್ಲಿದೆ, ಹೊಸದನ್ನು ಕಂಡುಹಿಡಿದವರಂತೆ ಹೇಳುವ ಅಗತ್ಯವಿರಲಿಲ್ಲ.