‘ಫೈನ್’ ಅಂದರೆ ಯಾವ ಫೈನ್?

ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ಒಂದು ಪುಟ್ಟ ಪದ ನನ್ನನ್ನು ಸತಾಯಿಸುತ್ತಿದೆ. ಇಂಗ್ಲಿಷಿನ ‘ಫೈನ್’. ಮಕ್ಕಳಿಗೂ ಗೊತ್ತಿರುವ ಪದ. ಕನ್ನಡಕ್ಕೆ ತರಲು ಕೂತರೆ ಮಾತ್ರ ಸೋಪಿನ ಹಾಗೆ ಕೈಯಿಂದ ಜಾರುತ್ತದೆ.

ಸಂಗತಿ ಇಷ್ಟು. ಗೆಳತಿಯೊಬ್ಬಳು ಇಂಗ್ಲಿಷಿನಲ್ಲಿ ಬರೆದ ಸಣ್ಣ ಕತೆಯನ್ನು ಅನುವಾದ ಮಾಡುತ್ತಿದ್ದೇನೆ. ಅದರಲ್ಲಿ ಒಬ್ಬ ಹೆಂಗಸು ಮೂರು ಸಲ ‘ಐ ಆ್ಯಮ್ ಫೈನ್’ ಎನ್ನುತ್ತಾಳೆ. ಮೊದಲ ಸಲ, ಅಕ್ಕ ಫೋನು ಮಾಡಿ ಹೇಗಿದ್ದೀಯಾ ಎಂದಾಗ. ಎರಡನೇ ಸಲ, ಗಂಡ ಇನ್ನೊಂದು ಹೊದಿಕೆ ಕೊಡಲಾ ಎಂದಾಗ. ಮೂರನೇ ಸಲ, ಜಗಳವೆಲ್ಲ ಆದ ಮೇಲೆ ‘ಏನಾಯ್ತು ಹೇಳು’ ಎಂದು ಅವನು ಕೇಳುತ್ತಾನೆ. ಅವಳು ಗೋಡೆಯ ಕಡೆ ತಿರುಗಿ ಅದೇ ಮಾತು ಹೇಳುತ್ತಾಳೆ. ‘ಚೆನ್ನಾಗಿದ್ದೀನಿ’, ‘ಬೇಡ’, ‘ಏನೂ ಇಲ್ಲ ಬಿಡಿ’ ಎಂದು ಮೂರು ಬೇರೆ ಬೇರೆ ಮಾತು ಹಾಕಿದರೆ ಅರ್ಥವೇನೋ ಸರಿಯಾಗುತ್ತದೆ. ಆದರೆ ಕತೆಯೇ ಸತ್ತುಹೋಗುತ್ತದೆ, ಅಲ್ವಾ?

ನಿಘಂಟು ತೆಗೆದರೆ ಸಮಾನಪದಗಳ ರಾಶಿ. ಉತ್ತಮ, ಶ್ರೇಷ್ಠ, ಸೊಗಸಾದ, ಸೂಕ್ಷ್ಮ, ತೆಳುವಾದ, ನಯವಾದ, ಅಪ್ಪಟ, ದಂಡ, ಜುಲ್ಮಾನೆ. ಎಲ್ಲವೂ ಸರಿಯೇ. ಯಾವುದು ಎಲ್ಲಿ ಎನ್ನುವುದನ್ನು ಮಾತ್ರ ನಿಘಂಟು ಹೇಳುವುದಿಲ್ಲ. ಈ ಪಟ್ಟಿ ನಂಬಿ ನಾನು ಒಮ್ಮೆ ಎಡವಿದ್ದೇನೆ. ಗಾಳಿ ಕೆಡುವುದರ ಬಗ್ಗೆ ಒಂದು ಕರಪತ್ರ ಅನುವಾದಿಸುವಾಗ ‘ಫೈನ್ ಪಾರ್ಟಿಕಲ್ಸ್’ ಎಂಬುದನ್ನು ‘ಉತ್ತಮ ಕಣಗಳು’ ಎಂದು ಬರೆದುಬಿಟ್ಟೆ. ಉತ್ತಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ ಅಂತ! ಅವು ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್‌ಗಿಂತ ದೊಡ್ಡದಲ್ಲದ ಧೂಳು. ನಮ್ಮ ಕೂದಲಿನ ದಪ್ಪದ ಸುಮಾರು 30ರಲ್ಲಿ ಒಂದು ಪಾಲು. ಅದರಲ್ಲಿ ಉತ್ತಮ ಅನ್ನುವಂಥದ್ದು ಏನೂ ಇಲ್ಲ. ಅಚ್ಚಿಗೆ ಹೋಗುವ ಮೊದಲು ಒಬ್ಬರು ನೋಡಿ ನಕ್ಕಿದ್ದರಿಂದ ಮಾನ ಉಳಿಯಿತು.

ಈ ‘ಸಣ್ಣ’ ಅನ್ನುವ ಅರ್ಥದಲ್ಲಿ ಕನ್ನಡದ ಸಂಪತ್ತು ದೊಡ್ಡದು. ಇಂಗ್ಲಿಷು ಒಂದೇ ‘ಫೈನ್’ ಹಾಕಿ ಮುಂದೆ ಹೋಗುವಲ್ಲಿ ನಾವು ಕಣ್ಣು, ಬೆರಳು ಎರಡನ್ನೂ ಕೇಳುತ್ತೇವೆ. ಮರಳು ಸಣ್ಣ. ಪುಡಿ ನುಣ್ಣಗೆ. ಎಳೆ ತೆಳ್ಳಗೆ. ಹಾಸ್ಯ ನವಿರು. ವ್ಯತ್ಯಾಸ ಸೂಕ್ಷ್ಮ. ಕೆಲವರ ಮಾತಿನಲ್ಲಿ ಪಾರಸಿಯಿಂದ ಬಂದ ‘ಬಾರೀಕು’ ಕೂಡ ಇದೆ. ‘ಫೈನ್ ಲೈನ್’ ಎಂದರೆ ಗೆರೆಯನ್ನೇ ಎಳೆಯಬೇಕಾಗಿಲ್ಲ, ಕೂದಲೆಳೆಯ ಅಂತರ ಎಂದರಾಯಿತು. ಇನ್ನು ಒತ್ತೊತ್ತಾದ ಹಲ್ಲಿನ ಬಾಚಣಿಗೆಯಿಂದ ಬಾಚಿದ ಹಾಗೆ ಕಡತ ಶೋಧಿಸಿದರು ಎಂದು ಇಂಗ್ಲಿಷಿನಲ್ಲಿ ಬರೆಯುತ್ತಾರಲ್ಲ, ಆ ಬಾಚಣಿಗೆಗೆ ನಮ್ಮಲ್ಲಿ ಒಂದೇ ಪದ: ಸೀರಣಿಗೆ. ಸೀರು ಅಂದರೆ ಹೇನಿನ ಮೊಟ್ಟೆ. ತಲೆಯನ್ನು ಮಡಿಲಲ್ಲಿ ಒತ್ತಿ ಹಿಡಿದು ಅಜ್ಜಿ ಸೀರಣಿಗೆ ಎಳೆಯುತ್ತಿದ್ದ ಉರಿ ನೆನಪಿದ್ದವರಿಗೆ ಆ ಹೋಲಿಕೆಯ ಕಸುವು ತಾನಾಗಿಯೇ ಗೊತ್ತಾಗುತ್ತದೆ.

ಹವಾಮಾನದಲ್ಲಂತೂ ತಮಾಷೆ. ‘ಫೈನ್ ರೇನ್’ ಎಂದರೆ ಜಿನುಗು ಮಳೆ. ‘ಫೈನ್ ಡೇ’ ಎಂದರೆ ಮಳೆಯೇ ಇಲ್ಲದ ದಿನ! ಎರಡನೆಯದಕ್ಕೆ ‘ಒಳ್ಳೆಯ ದಿನ’ ಎಂದು ಬರೆದರೆ ಪಂಚಾಂಗ ನೋಡಿದ ಹಾಗಾಗುತ್ತದೆ. ಮಳೆ ಬಿಟ್ಟು ಬಿಸಿಲು ಬಂದಿದ್ದರೆ ‘ಹೊಳವಾಯಿತು’ ಎಂದು ಕೆಲವು ಕಡೆ ಹೇಳುತ್ತಾರೆ. ನನಗೆ ಬಹಳ ಇಷ್ಟವಾದ ಪದ.

ಈಗ ದಂಡದ ವಿಷಯ. ಹೊಗಳಿಕೆಗೂ ದಂಡಕ್ಕೂ ಒಂದೇ ಪದ ಹೇಗೆ ಬಂತು? ಎರಡರ ತವರೂ ಒಂದೇ. ಲ್ಯಾಟಿನ್ನಿನ ‘ಫೀನಿಸ್’, ಅಂದರೆ ಕೊನೆ, ಎಲ್ಲೆ. ಫಿನಿಶ್, ಫೈನಲ್, ಡಿಫೈನ್, ಫೈನಾನ್ಸ್ ಎಲ್ಲ ಅದೇ ಮನೆಯ ಮಕ್ಕಳು. ಕೊನೆಯ ಮಟ್ಟ ಮುಟ್ಟಿದ್ದು, ಇನ್ನು ತಿದ್ದಲು ಏನೂ ಉಳಿಯದ್ದು ಫೈನ್. ಚಿನ್ನದ ಮಾತಿನಲ್ಲಿ ಈ ಅರ್ಥ ಇನ್ನೂ ಹಾಗೇ ನಿಂತಿದೆ. ಚಿನ್ನದ ‘ಫೈನ್‌ನೆಸ್’ 999 ಅಂದರೆ ಸಾವಿರದಲ್ಲಿ 999 ಪಾಲು ಅಪ್ಪಟ. 22 ಕ್ಯಾರೆಟ್ಟಿನದು 916. ಅಪ್ಪಟ ಚಿನ್ನಕ್ಕೆ ನಮ್ಮಲ್ಲಿ ಅಪರಂಜಿ ಎಂಬ ಚೆಂದದ ಪದವಿದೆ. ಲೆಕ್ಕಪತ್ರದಲ್ಲಿ ಅದನ್ನು ಹಾಕಿದರೆ ಕವಿತೆ ಬರೆದ ಹಾಗಾಗುತ್ತದೆ. ಅಲ್ಲಿ ‘ಶುದ್ಧತೆ’ ಸಾಕು.

ದಂಡದ ದಾರಿ ಬೇರೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ವ್ಯಾಜ್ಯವನ್ನು ಕೊನೆಗಾಣಿಸುವ ಒಪ್ಪಂದಕ್ಕೇ ‘ಫೈನ್’ ಎನ್ನುತ್ತಿದ್ದರು. ಭೂಮಿಯ ಹಕ್ಕು ವರ್ಗಾಯಿಸಲು ಅದೊಂದು ಉಪಾಯ. ಒಳಗೊಳಗೇ ಒಪ್ಪಿಕೊಂಡ ಇಬ್ಬರು ಕೋರ್ಟಿನಲ್ಲಿ ಸುಮ್ನೆ ಒಂದು ದಾವೆ ಹೂಡಿ, ರಾಜಿಯಾದ ಹಾಗೆ ಬರೆಸುತ್ತಿದ್ದರು. ಒಂದೇ ತೊಗಲಿನ ಹಾಳೆಯ ಮೇಲೆ ಅದೇ ಬರಹ ಮೂರು ಸಲ. ಹಾಳೆಯನ್ನು ಅಂಕುಡೊಂಕಾಗಿ ಕತ್ತರಿಸಿ ಇಬ್ಬರಿಗೆ ಒಂದೊಂದು ತುಂಡು. ಕೆಳಗಿನ ತುಂಡು ಕೋರ್ಟಿನಲ್ಲೇ ಉಳಿಯುತ್ತಿತ್ತು. ಅದಕ್ಕೆ ‘ಫುಟ್ ಆಫ್ ಫೈನ್’ ಎಂದು ಹೆಸರು, ಅಂದರೆ ಫೈನಿನ ಪಾದ. ನಾಳೆ ಯಾರಾದರೂ ತಕರಾರು ತೆಗೆದರೆ ತುಂಡುಗಳ ಅಂಚು ಕೂಡಿಸಿ ನೋಡಿದರಾಯಿತು. 1195ರಿಂದ ಹೀಗೆ ಇಟ್ಟುಕೊಂಡು ಬಂದರು. 1833ರ ಕಾಯಿದೆ ಈ ಪದ್ಧತಿಯನ್ನು ತೆಗೆದುಹಾಕಿತು. ಹೀಗೆ ವಿಷಯ ಮುಗಿಸಲು ಕೊಡುವ ಹಣವೂ ಫೈನ್ ಆಯಿತು. ಆಮೇಲೆ ತಪ್ಪಿಗೆ ತೆರುವ ಹಣವೂ ಫೈನ್.

ನಮ್ಮ ‘ದಂಡ’ ಕೋಲಿನಿಂದ ಹೊರಟು ಶಿಕ್ಷೆಗೆ ಬಂದು, ಅಲ್ಲಿಂದ ಹಣಕ್ಕೆ ಬಂದ ಪದ. ಮಾತಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ದುಡ್ಡು ದಂಡ ಆಯ್ತು’ ಎನ್ನುತ್ತೇವೆ, ಅಂದರೆ ವ್ಯರ್ಥ. ‘ಜುಲ್ಮಾನೆ’ ಪಾರಸಿಯ ಜುರ್ಮಾನದಿಂದ ಬಂದದ್ದು. ಜುರ್ಮ್ ಎಂದರೆ ಅಪರಾಧ. ಕಾನೂನಿನ ಬರಹಕ್ಕೆ ಅದು ಸರಿ. ಪುಸ್ತಕ ತಡವಾಗಿ ಹಿಂದಿರುಗಿಸಿದವನಿಗೆ ಜುಲ್ಮಾನೆ ಎಂದರೆ ಪಾಪ, ಜಾಸ್ತಿಯಾಯಿತು. ದಂಡ ಸಾಕು. ಒಂದು ಮಾತು ಮಾತ್ರ ನೆನಪಿರಲಿ: ಹಾನಿಯಾದವರಿಗೆ ತುಂಬಿಕೊಡುವ ಹಣ ಫೈನ್ ಅಲ್ಲ, ಅದು ಪರಿಹಾರ. ಪತ್ರಿಕೆಗಳಲ್ಲೂ ಇವೆರಡು ಕಲಸಿಹೋಗುವುದನ್ನು ನೋಡಿದ್ದೇನೆ.

ಕತೆಗೆ ವಾಪಸು ಬರುತ್ತೇನೆ. ಇಂಗ್ಲಿಷಿನಲ್ಲಿ ‘ಫೈನ್’ ಎಲ್ಲಿ ಕೂತಿದೆ ಎನ್ನುವುದರ ಮೇಲೆ ಅದರ ಬೆಲೆ ಏರಿ ಇಳಿಯುತ್ತದೆ. ನಾಮಪದಕ್ಕೆ ಮೊದಲು ಬಂದರೆ ಸಾಮಾನ್ಯವಾಗಿ ಹೊಗಳಿಕೆ: ‘ಅ ಫೈನ್ ಸಿಂಗರ್’, ಬಲು ಒಳ್ಳೆಯ ಹಾಡುಗಾರ್ತಿ. ವಾಕ್ಯದ ತುದಿಗೆ ಹೋದರೆ ಬೆಲೆ ಬಿದ್ದುಹೋಗುತ್ತದೆ: ‘ದ ಸಿಂಗರ್ ಈಸ್ ಫೈನ್’ ಎಂದರೆ ಅವಳಿಗೇನೂ ಆಗಿಲ್ಲ, ಇಲ್ಲವೇ ಹಾಡು ನಡೆಯುತ್ತದೆ ಅಷ್ಟೆ. ಕನ್ನಡಕ್ಕೆ ಬಂದ ಫೈನು ಮಾತ್ರ ಇನ್ನೂ ಮೇಲಿನ ಮೆಟ್ಟಿಲಲ್ಲೇ ಇದೆ. ನಾವು ‘ಫೈನಾಗಿದೆ’ ಎಂದರೆ ನಿಜವಾಗಿ ಮೆಚ್ಚಿದ್ದೇವೆ ಎಂದೇ ಅರ್ಥ. ಆದ್ದರಿಂದ ಕತೆಯಲ್ಲಿ ‘ನಾನು ಫೈನ್’ ಎಂದು ಹಾಗೇ ಬಿಡಲು ಮನಸ್ಸಿಲ್ಲ.

ಮೂರಕ್ಕೂ ಹೊಂದುವ ಒಂದೇ ಕನ್ನಡ ಮಾತು ಹುಡುಕುತ್ತಾ ಹೋಗಿ ‘ಪರವಾಗಿಲ್ಲ’ದ ಹತ್ತಿರ ನಿಂತಿದ್ದೇನೆ. ಪಾರಸಿಯ ‘ಪರ್ವಾ’ಕ್ಕೆ, ಅಂದರೆ ಚಿಂತೆಗೆ, ನಮ್ಮ ‘ಇಲ್ಲ’ ಸೇರಿದೆ. ಹೇಗಿದ್ದೀಯಾ? ಪರವಾಗಿಲ್ಲ. ಹೊದಿಕೆ ಬೇಕಾ? ಪರವಾಗಿಲ್ಲ. ಏನಾಯ್ತು ಹೇಳು? ಪರವಾಗಿಲ್ಲ. ಮೂರೂ ಕಡೆ ಕೂರುತ್ತದೆ. ಮೊದಲನೆಯದು ಸ್ವಲ್ಪ ಮಂಕಾಗಿ ಕೇಳುತ್ತದೆ. ಅಕ್ಕನಿಗೆ ಆಗಲೇ ಅನುಮಾನ ಬರಬೇಕು, ಹಾಗೆ. ಮೂಲದಲ್ಲಿ ಅನುಮಾನ ಅಷ್ಟು ಬೇಗ ಬರುವುದಿಲ್ಲ.

ಇನ್ನೊಂದು ಯೋಚನೆ ಇದೆ. ಮೂರನೆಯದನ್ನು ‘ಆಯ್ತು ಬಿಡಿ’ ಎಂದು ಮಾಡಿದರೆ? ಒಪ್ಪಿದೆ ಎನ್ನುವುದಕ್ಕೂ ಮುಗಿಯಿತು ಎನ್ನುವುದಕ್ಕೂ ನಮ್ಮಲ್ಲಿ ‘ಆಯ್ತು’ ಒಂದೇ. ಆ ಹಳೆಯ ಫೀನಿಸ್ ಕೂಡ ಅದೇ ತಾನೆ? ಆದರೆ ಹಾಗೆ ಮಾಡಿದರೆ ಒಂದೇ ಮಾತು ಮೂರು ಸಲ ಬರುವ ಪೆಟ್ಟು ತಪ್ಪಿಹೋಗುತ್ತದೆ.

ನಿಮ್ಮ ಕಿವಿಗೆ ಯಾವುದು ಸರಿ ಅನ್ನಿಸುತ್ತದೆ? ಮೂರು ಸಲವೂ ‘ಪರವಾಗಿಲ್ಲ’ವೇ, ಇಲ್ಲ ಕೊನೆಗೆ ‘ಆಯ್ತು ಬಿಡಿ’ಯೇ? ಇನ್ನೂ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ. ಗೆಳತಿ ನಿನ್ನೆಯೂ ಕೇಳಿದಳು, ಅನುವಾದ ಎಲ್ಲಿಗೆ ಬಂತು ಅಂತ. ‘ಪರವಾಗಿಲ್ಲ’ ಅಂದೆ.