ಚಿಂಟು ಕರೆದರೆ ಬರಲ್ಲ ಅಂದ ಅಕ್ಕನಿಗೆ

ಅಕ್ಕಾ, ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಮುಗಿಯಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಅಡುಗೆ ಮಾಡುತ್ತಾ ಕೇಳು. ಗೇಟು ತೆಗೆದ ತಕ್ಷಣ ನಿಮ್ಮ ನಾಯಿ ಚಿಂಟು ಓಡುತ್ತಾನೆ, ಎಷ್ಟು ಕೂಗಿದರೂ ಬರಲ್ಲ, ಚೈನು ಹಾಕಿದರೆ ಕೆಮ್ಮು ಬರುವಷ್ಟು ಎಳೆಯುತ್ತಾನೆ ಅಂತ ಮನೆಯವರ ಗ್ರೂಪಲ್ಲಿ ಹಾಕಿದ್ದೆಯಲ್ಲ, ಮೊದಲು ಆ ಕೆಮ್ಮಿನ ವಿಷಯ.

ಪಮೇರಿಯನ್ ಥರದ ಪುಟ್ಟ ನಾಯಿಗಳ ಶ್ವಾಸನಾಳ ಸೂಕ್ಷ್ಮ. ಅದು ಒಳಕ್ಕೆ ಕುಸಿಯುವ ತೊಂದರೆ ಇಂಥ ಜಾತಿಗಳಲ್ಲೇ ಜಾಸ್ತಿ. ಕತ್ತಿನ ಬೆಲ್ಟಿಗೆ ಚೈನು ಸಿಕ್ಕಿಸಿ ಎಳೆದರೆ ಇನ್ನೂ ಕಷ್ಟ. ಒಂದು ಸಲ ಡಾಕ್ಟರಿಗೆ ತೋರಿಸಿಬಿಡು. ಬೆಲ್ಟು ಇರಲಿ, ಫೋನ್ ನಂಬರಿನ ಬಿಲ್ಲೆ ಹಾಕಲು ಬೇಕು. ಆದರೆ ವಾಕಿಂಗಿಗೆ ಎದೆಗೆ ಸುತ್ತಿ ಹಾಕುವ ಪಟ್ಟಿ, ಅಂದರೆ ಹಾರ್ನೆಸ್, ಅದಕ್ಕೆ ಐದಾರು ಅಡಿಯ ಹಗುರ ನೈಲಾನ್ ಹಗ್ಗ. ನಾಯಿ ಎಳೆದಂತೆ ತಾನೇ ಉದ್ದವಾಗುವ, ಗುಂಡಿ ಒತ್ತಿದರೆ ನಿಲ್ಲುವ ಹಗ್ಗ ಬರುತ್ತಲ್ಲ, ಅದನ್ನು ತರಬೇಡ. ಎಳೆದಷ್ಟೂ ಮುಂದೆ ಹೋಗಬಹುದು ಅಂತ ಅದೇ ಕಲಿಸಿಕೊಡುತ್ತೆ. ಹಿಡಿ ಕೈಜಾರಿದರೆ ಸದ್ದು ಮಾಡುತ್ತಾ ಹಿಂದೆಯೇ ಬರುತ್ತೆ, ನಾಯಿ ಹೆದರಿ ಇನ್ನೂ ಜೋರಾಗಿ ಓಡುತ್ತೆ.

ಎಳೆದಾಗ ನೀನು ವಾಪಸ್ ಎಳೆಯಬೇಡ. ಸುಮ್ನೆ ನಿಂತುಬಿಡು. ಹಗ್ಗ ಸಡಿಲವಾದ ಕ್ಷಣ ಮತ್ತೆ ನಡಿ. ಮೊದಮೊದಲು ಬೀದಿಯ ಕೊನೆಯೂ ಮುಟ್ಟಲ್ಲ, ಪರವಾಗಿಲ್ಲ. ಮೂಸಿ ನೋಡುತ್ತಾ ನಿಂತರೆ ನಿಲ್ಲಲಿ ಬಿಡು, ಅವನ ವಾಕಿಂಗ್ ಅಲ್ವಾ ಅದು.

ಈಗ ಕರೆದಾಗ ಬರುವುದು. ದೊಡ್ಡಪ್ಪ ಗ್ರೂಪಲ್ಲಿ "ವಾಪಸ್ ಬಂದಾಗ ಎರಡು ಬಿಗಿಯಿರಿ" ಅಂದಿದ್ದಾರೆ. ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ, ಅದು ಬೇಡ. ಆಗಲೇ ಓಡಿಹೋದದ್ದಕ್ಕೆ ಈ ಏಟು ಅಂತ ಅವನಿಗೆ ಗೊತ್ತಾಗಲ್ಲ. ಹತ್ತಿರ ಬಂದೆ, ಏಟು ಬಿತ್ತು, ಅಷ್ಟೇ ಲೆಕ್ಕ. ಮುಂದಿನ ಸಲ ಇನ್ನೂ ದೂರ ನಿಲ್ಲುತ್ತಾನೆ. ಅಕ್ಕಾ, ನೀನೂ ಯೋಚನೆ ಮಾಡು, ಅವನನ್ನು ಯಾವಾಗ ಕರೆಯುತ್ತೀರ? ಸ್ನಾನಕ್ಕೆ, ಉಗುರು ಕತ್ತರಿಸಲು, ಆಟ ನಿಲ್ಲಿಸಿ ಒಳಗೆ ಕೂಡಿಹಾಕಲು. ಹಾಗಿದ್ದರೆ ಯಾಕೆ ಬರಬೇಕು ಹೇಳು! ಸ್ನಾನಕ್ಕೆ ಕರೆಯಬೇಡ, ನೀನೇ ಹೋಗಿ ಎತ್ತಿಕೊಂಡು ಬಾ.

ಇಷ್ಟು ದಿನ ಕೂಗಿ ಕೂಗಿ ಆ "ಕಮ್ ಕಮ್" ಅವನ ಕಿವಿಗೆ ಸವೆದುಹೋಗಿದೆ. ಹೊಸದು ಶುರುಮಾಡಿ, "ಚಿಂಟು, ಇಲ್ಲಿ". ಭಾವ, ಮಕ್ಕಳು, ಅತ್ತೆ, ಎಲ್ಲರೂ ಅದೇ ಹೇಳಬೇಕು. ಮೊದಲು ಮನೆಯ ಹಾಲ್‌ನಲ್ಲಿ, ಟಿವಿ ಆಫ್ ಇರುವಾಗ. ಒಂದೇ ಸಲ, ಖುಷಿಯಾಗಿ ಕರಿ. ಬಂದ ಕೂಡಲೇ ಕಡಲೆಕಾಳಿನಷ್ಟು ಪನೀರ್ ಕೊಡು. ಕೊಡುವ ಮುಂಚೆ ಹಾರ್ನೆಸನ್ನು ಮೆಲ್ಲಗೆ ಹಿಡಿದುಕೋ. ಇದು ಮುಖ್ಯ. ಇಲ್ಲದಿದ್ದರೆ ತಿಂಡಿ ಕಿತ್ಕೊಂಡು ಕೈಗೆ ಸಿಗದ ಹಾಗೆ ಹಾರುವುದನ್ನು ಕಲಿಯುತ್ತಾನೆ, ಚಿಂಟು ಬುದ್ಧಿ ನಿನಗೇ ಗೊತ್ತು. ಆಮೇಲೆ ಆಟಕ್ಕೆ ಮತ್ತೆ ಬಿಟ್ಟುಬಿಡು. ಬಂದರೆ ಆಟ ಮುಗಿಯಲ್ಲ ಅಂತ ಗೊತ್ತಾಗಲಿ. ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ ಸಾಕು. ತಿಂಡಿ ಕೊಟ್ಟಷ್ಟು ಊಟದಲ್ಲಿ ಕಡಿಮೆ ಮಾಡು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಈರುಳ್ಳಿ ಹಾಕಿದ್ದು ಯಾವತ್ತೂ ಬೇಡ, ಅವು ನಾಯಿಗೆ ವಿಷ. ಅತ್ತೆಗೆ ಇದನ್ನು ಬಿಡಿಸಿ ಹೇಳು, ಪ್ರಸಾದ ಅಂತ ಕೊಟ್ಟುಬಿಡುತ್ತಾರೆ.

ಮನೆಯೊಳಗೆ ಸರಿಯಾದ ಮೇಲೆ ಟೆರೇಸು, ಆಮೇಲೆ ಬೆಳಗ್ಗೆ ಜನ ಕಡಿಮೆ ಇರುವಾಗ ಪಾರ್ಕು. ಅಲ್ಲಿ ಹತ್ತು ಮೀಟರ್ ಹಗ್ಗ ಹಾರ್ನೆಸ್‌ಗೆ ಕಟ್ಟಿ ಬಿಡು. ಕರೆದರೆ ಬರಲಿಲ್ಲವಾ, ಮತ್ತೆ ಮತ್ತೆ ಕೂಗಬೇಡ, ಹಗ್ಗ ಹಿಡಿದುಕೊಂಡು ನೀನೇ ಹತ್ತಿರ ಹೋಗು. ಬೀದಿಯಲ್ಲಂತೂ ಎಷ್ಟೇ ಚೆನ್ನಾಗಿ ಕಲಿತರೂ ಹಗ್ಗ ಬಿಚ್ಚುವುದು ಬೇಡ. ಬೈಕು, ಬೀದಿನಾಯಿ ಎರಡೂ ಇವೆ. ದೀಪಾವಳಿ ದಿನಗಳಲ್ಲಿ ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ. ಪಟಾಕಿಗೆ ಹೆದರಿದ ನಾಯಿಗೆ ಯಾರ ಕೂಗೂ ಕೇಳಿಸಲ್ಲ.

ಹಾಗೂ ತಪ್ಪಿಸಿಕೊಂಡರೆ ಭಾವ ಹಿಂದೆ ಓಡಬಾರದು. ಅವನಿಗೆ ಅದು ಆಟ. ತಿರುಗಿ ಮನೆ ಕಡೆ ನೀವು ಓಡಿ, ಇಲ್ಲವೇ ಕೂತು ತಿಂಡಿ ಡಬ್ಬಿ ಅಲ್ಲಾಡಿಸಿ. ಬಂದರೆ ಬೈಯಬೇಡಿ, ತಿಂಡಿ ಕೊಡಿ.

ಹಾರ್ನೆಸ್ ತರಲು ಹೋಗುವಾಗ ಚಿಂಟುನೂ ಕರೆದುಕೊಂಡು ಹೋಗು. ಕೂದಲು ನೋಡಿ ದೊಡ್ಡ ಸೈಜ್ ತಗೊಂಡುಬಿಡುತ್ತೀಯ. ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಇದ್ದರೆ ಹಿಂದಕ್ಕೆ ಜಗ್ಗಿ ನುಸುಳಿಬಿಡುತ್ತಾನೆ. ಹಾಕಿ ಒಂದು ಫೋಟೋ ಕಳಿಸು, ನೋಡಿ ಹೇಳುತ್ತೇನೆ.